ಅರವತ್ತರ ಮೇಲೆ ಕಿಡ್ನಿ ನೋಡಿಕೊಳ್ಳುವುದು: ಊಟ ಯಾರು ಕಡಿಮೆ ಮಾಡಬೇಕು, ಎಷ್ಟು, ಹೇಗೆ

ಕೊಡಗಿನ ಗೋಣಿಕೊಪ್ಪದ ಒಂದು ಲ್ಯಾಬ್‌ನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವುದು ನನ್ನ ಕೆಲಸ. ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ) ರಿಪೋರ್ಟ್ ಕೈಗಿಟ್ಟಾಗ ಹಿರಿಯರು ಕೇಳುವುದು ಒಂದೇ ಮಾತು: "ನಾರ್ಮಲ್ ಅಲ್ವಾ ಮಗಳೇ?" ಈಚೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: "ಒಂದು ಹೊತ್ತು ಊಟ ಬಿಟ್ಟರೆ ಕಿಡ್ನಿ ಸರಿಯಾಗುತ್ತದಂತೆ, ಹೌದಾ?" ಯಾರೋ ಮೊಬೈಲಿಗೆ ಕಳಿಸಿದ ವಿಡಿಯೋ ನೋಡಿ ಊಟವನ್ನೇ ಅರ್ಧ ಮಾಡಿಕೊಂಡವರನ್ನು ನೋಡಿದ್ದೇನೆ. ಅವರಲ್ಲಿ ಕೆಲವರಿಗೆ ಮೊದಲೇ ಮೈಯಲ್ಲಿ ಮಾಂಸ ಇರಲಿಲ್ಲ. ಅದು ನನಗೆ ತುಂಬಾ ಬೇಜಾರು ತರುವ ವಿಷಯ.

ನಾನು ಡಾಕ್ಟರ್ ಅಲ್ಲ. ಆದರೆ ಈ ರಿಪೋರ್ಟ್‌ಗಳ ನಡುವೆಯೇ ದಿನ ಕಳೆಯುವವಳು. ಮನೆಯಲ್ಲಿ 72 ವರ್ಷದ ಮಾವ ಇದ್ದಾರೆ, 68ರ ಅತ್ತೆ ಇದ್ದಾರೆ. ಒಬ್ಬರಿಗೆ ಹೊಟ್ಟೆ ಮುಂದೆ ಬಂದಿದೆ, ಬಿಪಿ ಮಾತ್ರೆ ಇದೆ. ಇನ್ನೊಬ್ಬರು ಕಡ್ಡಿಯಂತೆ ಸಣ್ಣ. ಒಂದೇ ಅಡುಗೆಮನೆಯಿಂದ ಈ ಇಬ್ಬರಿಗೂ ಬೇರೆ ಬೇರೆ ತಟ್ಟೆ ಹಾಕಬೇಕು. ಮಾವನ ತಟ್ಟೆಯಿಂದ ತೆಗೆಯಬೇಕು, ಅತ್ತೆಯ ತಟ್ಟೆಗೆ ಸೇರಿಸಬೇಕು. ಅದನ್ನು ಹೇಗೆ ಮಾಡುವುದು, ಯಾಕೆ ಮಾಡುವುದು ಅಂತ ಇಲ್ಲಿ ಬರೆದಿದ್ದೇನೆ.

ಒಳಗೆ ಎಂತ ಆಗುತ್ತದೆ

ಮಾವನ ಎಡಗೈ ಹೆಬ್ಬೆರಳ ಬುಡದಲ್ಲಿ ಒಂದು ಹಳೆಯ ಗಾಯದ ಕಲೆ ಇದೆ. ಕಾಫಿ ಗಿಡ ಕಸಿ ಮಾಡುವಾಗ ಕತ್ತಿ ಜಾರಿದ್ದು. ಆ ಜಾಗ ಮುಟ್ಟಿದರೆ ಗಟ್ಟಿ, ನುಣುಪು. ಅಲ್ಲಿ ಕೂದಲು ಇಲ್ಲ, ಬೆವರೂ ಬರುವುದಿಲ್ಲ. ಚರ್ಮದ ಹಾಗೆ ಕಾಣುತ್ತದೆ, ಚರ್ಮದ ಕೆಲಸ ಮಾಡುವುದಿಲ್ಲ. ಕಿಡ್ನಿಯ ಒಳಗೂ ಇಂಥದ್ದೇ ಕಲೆ ಬೀಳುತ್ತದೆ. ಅದಕ್ಕೆ ಡಾಕ್ಟರುಗಳು ಫೈಬ್ರೋಸಿಸ್ ಅನ್ನುತ್ತಾರೆ. ಎರಡೂ ಕಡೆ ತುಂಬಿಕೊಳ್ಳುವುದು ಕೊಲಾಜೆನ್ ಅನ್ನುವ ನಾರೇ.

ಒಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳು ಇರುತ್ತವೆ. ರಕ್ತ ಸೋಸಿ ಮೂತ್ರ ಮಾಡುವ ಪುಟ್ಟ ಘಟಕಗಳು ಇವು. ಎಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅದರಲ್ಲಿ ಹೆಚ್ಚಿನದನ್ನು ವಾಪಸ್ ಹೀರಿಕೊಂಡು ಒಂದೂವರೆ, ಎರಡು ಲೀಟರ್ ಮಾತ್ರ ಹೊರಗೆ ಬಿಡುತ್ತವೆ. ಸತ್ತ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನವರು ಕಿಡ್ನಿ ದಾನ ಮಾಡಿದ ಆರೋಗ್ಯವಂತರನ್ನೇ ಪರೀಕ್ಷಿಸಿ 2017ರಲ್ಲಿ ಲೆಕ್ಕ ಕೊಟ್ಟರು. ಇಪ್ಪತ್ತರ ಹರೆಯದವರಿಗೆ ಹೋಲಿಸಿದರೆ ಎಪ್ಪತ್ತು ದಾಟಿದವರಲ್ಲಿ ಕೆಲಸ ಮಾಡುವ ನೆಫ್ರಾನ್ ಹೆಚ್ಚುಕಡಿಮೆ ಅರ್ಧ ಇತ್ತು. ಇವರು ಯಾರೂ ರೋಗಿಗಳಲ್ಲ, ನೆನಪಿರಲಿ. ದಾನ ಮಾಡುವಷ್ಟು ಗಟ್ಟಿಮುಟ್ಟಾದವರು.

ಅರ್ಧ ಹೋದರೂ ನಮಗೆ ಗೊತ್ತೇ ಆಗುವುದಿಲ್ಲ. ಉಳಿದವು ಹೋದವುಗಳ ಕೆಲಸವನ್ನೂ ಹೊರುತ್ತವೆ. ಹೊತ್ತು ಹೊತ್ತು ಅವುಗಳ ಒಳಗಿನ ಒತ್ತಡ ಏರುತ್ತದೆ, ಅವೂ ಬೇಗ ಸವೆಯುತ್ತವೆ. ಇದರ ಜೊತೆಗೆ ವಯಸ್ಸಿನ ತೊಂದರೆಗಳು ಸೇರುತ್ತವೆ. ಸಣ್ಣ ರಕ್ತನಾಳಗಳು ಕಡಿಮೆಯಾಗಿ ಆಮ್ಲಜನಕ ಸಾಲದಾಗುತ್ತದೆ. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಹಳತಾಗಿ ಕೆಡುತ್ತದೆ. ಕೆಲವು ಕೋಶಗಳು ಸಾಯುವುದೂ ಇಲ್ಲ, ಕೆಲಸ ಮಾಡುವುದೂ ಇಲ್ಲ. ಸುಮ್ನೆ ಕೂತು ಸುತ್ತಲಿನ ಕೋಶಗಳಿಗೆ ಉರಿ ಹತ್ತಿಸುವ ರಾಸಾಯನಿಕ ಬಿಡುತ್ತವೆ. ಆಗ ಟಿಜಿಎಫ್-ಬೀಟಾ ಅನ್ನುವ ಸಂಕೇತ ಹೆಚ್ಚುತ್ತದೆ. 'ಇಲ್ಲಿ ಗಾಯ ಆಗಿದೆ, ನಾರು ತುಂಬಿ' ಅಂತ ಹೇಳುವ ಸಂಕೇತ ಅದು. ನಾರು ನೇಯುವ ಕೋಶಗಳು ಎದ್ದು ಕೂರುತ್ತವೆ. ಕೈಯ ಗಾಯದಲ್ಲಾದರೆ ಕೆಲವು ವಾರಕ್ಕೆ ಅವು ಕೆಲಸ ನಿಲ್ಲಿಸುತ್ತವೆ. ಮುದಿ ಕಿಡ್ನಿಯಲ್ಲಿ ಗಾಯ ದಿನವೂ ಸ್ವಲ್ಪ ಸ್ವಲ್ಪ ಆಗುತ್ತಲೇ ಇರುವುದರಿಂದ ಅವು ನಿಲ್ಲಿಸುವುದೇ ಇಲ್ಲ. ನಾರು ಹೆಚ್ಚಾದಷ್ಟೂ ರಕ್ತನಾಳ ಹಿಸುಕಿಹೋಗುತ್ತದೆ. ಆಮ್ಲಜನಕ ಇನ್ನೂ ಕಡಿಮೆಯಾಗುತ್ತದೆ, ಮತ್ತೆ ನಾರು.

ಬಿದ್ದ ಕಲೆಯನ್ನು ಅಳಿಸುವ ಮಾತ್ರೆಯಾಗಲಿ, ಸೊಪ್ಪಾಗಲಿ, ಉಪವಾಸವಾಗಲಿ ಇವತ್ತಿಗೆ ನಮ್ಮ ಕೈಯಲ್ಲಿಲ್ಲ. ಹೊಸ ಕಲೆ ಬೀಳುವ ವೇಗ ಮಾತ್ರ ನಮ್ಮ ಕೈಯಲ್ಲಿ ಸ್ವಲ್ಪ ಇದೆ.

ಕಡಿಮೆ ತಿಂದರೆ ಯಾಕೆ ಲಾಭ

ಇದು ಹೊಸ ಮಾತಲ್ಲ. ಆಹಾರ ಕಡಿಮೆ ಕೊಟ್ಟರೆ ಇಲಿಗಳು ಜಾಸ್ತಿ ದಿನ ಬದುಕುತ್ತವೆ ಅಂತ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕ್‌ಕೇ 1935ರಲ್ಲೇ ತೋರಿಸಿದ್ದರು. 1980ರ ದಶಕದಲ್ಲಿ ಟೆಕ್ಸಾಸ್‌ನ ಎಡ್ವರ್ಡ್ ಮಸೋರೊ ತಂಡದವರು ಇಲಿಗಳಿಗೆ 40% ಕಡಿಮೆ ಆಹಾರ ಕೊಟ್ಟು ಸಾಕಿದರು. ಬೇಕಾದಷ್ಟು ತಿಂದ ಇಲಿಗಳಿಗೆ ಮುದಿತನದಲ್ಲಿ ಕಿಡ್ನಿ ಕಾಯಿಲೆ ಜೋರಾಗಿ ಬಂತು. ಕಡಿಮೆ ತಿಂದವುಗಳಿಗೆ ಬಹಳ ಕಡಿಮೆ.

ಕಾರಣದ ಒಂದು ತುದಿ 2010ರಲ್ಲಿ ಜಪಾನಿನ ಶಿಗಾ ವೈದ್ಯಕೀಯ ವಿಶ್ವವಿದ್ಯಾಲಯದವರಿಗೆ ಸಿಕ್ಕಿತು. ಊಟ ಕಡಿಮೆಯಾದಾಗ ಕೋಶ ತನ್ನೊಳಗಿನ ಕೆಟ್ಟ ಮೈಟೊಕಾಂಡ್ರಿಯಾವನ್ನು ತಾನೇ ಒಡೆದು ಚೊಕ್ಕ ಮಾಡಿಕೊಳ್ಳುತ್ತದೆ. ಇದಕ್ಕೆ ಆಟೋಫೇಜಿ ಅಂತ ಹೆಸರು. ಈ ಕೆಲಸ ನಡೆಯುವ ಬಗೆಯನ್ನು ಬಿಡಿಸಿಟ್ಟದ್ದಕ್ಕೇ ಯೋಶಿನೋರಿ ಓಸುಮಿ ಅವರಿಗೆ 2016ರ ನೊಬೆಲ್ ಬಂದದ್ದು. ಶಿಗಾದವರು ನಡುವಯಸ್ಸಿನ ಇಲಿಗಳಿಗೆ ಒಂದು ವರ್ಷ ಕಡಿಮೆ ಆಹಾರ ಕೊಟ್ಟಾಗ ಕಿಡ್ನಿಯಲ್ಲಿ ಈ ಶುಚಿ ಕೆಲಸ ಚುರುಕಾಯಿತು, ವಯಸ್ಸಿನ ಹಾನಿ ಕಡಿಮೆಯಾಯಿತು. ಸರ್ಟ್-1 ಅನ್ನುವ ಪ್ರೊಟೀನ್ ಕಡಿಮೆ ಇದ್ದ ಇಲಿಗಳಲ್ಲಿ ಮಾತ್ರ ಆ ಲಾಭ ಕಾಣಲಿಲ್ಲ. ಅಂದರೆ ಊಟ ಕಡಿಮೆಯಾದ ಸುದ್ದಿಯನ್ನು ಕಿಡ್ನಿಯ ಕೋಶಕ್ಕೆ ಮುಟ್ಟಿಸುವವರಲ್ಲಿ ಸರ್ಟ್-1 ಕೂಡ ಒಂದು.

ಇನ್ನು ಮನುಷ್ಯರ ವಿಷಯ. ಅಮೆರಿಕದಲ್ಲಿ ಕ್ಯಾಲರೀ ಅನ್ನುವ ಎರಡು ವರ್ಷದ ಪ್ರಯೋಗ ನಡೆಯಿತು. 21ರಿಂದ 50 ವರ್ಷದ, ಬೊಜ್ಜಿಲ್ಲದ 200ಕ್ಕೂ ಹೆಚ್ಚು ಜನ ಸೇರಿದ್ದರು. ಊಟದ ಕ್ಯಾಲೊರಿಯನ್ನು 25% ಕಡಿಮೆ ಮಾಡಿ ಅಂದರು. ನಿಜವಾಗಿ ಮಾಡಲು ಆದದ್ದು ಸರಾಸರಿ 12%. ಅಷ್ಟಕ್ಕೇ ಬಿಪಿ ಇಳಿಯಿತು, ಕೆಟ್ಟ ಕೊಲೆಸ್ಟ್ರಾಲ್ ಇಳಿಯಿತು. ಆದರೆ ಮೂಳೆಯ ಸಾಂದ್ರತೆಯೂ ಸ್ವಲ್ಪ ಇಳಿಯಿತು. ಅವರ ಕಿಡ್ನಿಯ ಕಲೆಯನ್ನು ಯಾರೂ ಕೊಯ್ದು ನೋಡಲಿಲ್ಲ. ಹಾಗಾಗಿ 'ಮನುಷ್ಯರಲ್ಲೂ ಫೈಬ್ರೋಸಿಸ್ ನಿಲ್ಲುತ್ತದೆ' ಅಂತ ವಿಡಿಯೋದಲ್ಲಿ ಹೇಳುವವರನ್ನು ನಂಬಬೇಡಿ. ನಂಬಬಹುದಾದದ್ದು ಇಷ್ಟು: ತೂಕ ಜಾಸ್ತಿ ಇದ್ದವರು ತೂಕ ಇಳಿಸಿದರೆ ಬಿಪಿ, ಶುಗರ್ ಇಳಿಯುತ್ತದೆ. ಮೂತ್ರದಲ್ಲಿ ಪ್ರೊಟೀನ್ ಸೋರುವುದೂ ಕಡಿಮೆಯಾಗುತ್ತದೆ. ಕಿಡ್ನಿಗೆ ಕಲೆ ಹಾಕುವ ದೊಡ್ಡ ಕಾರಣಗಳು ಇವೇ ಅಲ್ವಾ?

ಊಟ ಮುಟ್ಟುವ ಮೊದಲು ಟೆಸ್ಟ್

ಮೂರು ಸಂಖ್ಯೆ ಬೇಕು: ಬಿಪಿ, ಈಜಿಎಫ್‌ಆರ್ (ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಅನ್ನುವ ಅಂದಾಜು), ಮೂತ್ರದ ಎಸಿಆರ್ (ಆಲ್ಬುಮಿನ್ ಅನ್ನುವ ಪ್ರೊಟೀನ್ ಎಷ್ಟು ಸೋರುತ್ತಿದೆ ಅನ್ನುವ ಅಳತೆ). ಶುಗರ್ ಹೇಗೂ ನೋಡಿಸುತ್ತೀರಿ.

ಕ್ರಿಯಾಟಿನಿನ್ ಒಂದನ್ನೇ ನೋಡಿ ನಾರ್ಮಲ್ ಅಂದುಕೊಳ್ಳಬೇಡಿ. ಉದಾಹರಣೆಗೆ 1.1 ಬಂತು ಅಂತಿಟ್ಟುಕೊಳ್ಳಿ. 30 ವರ್ಷದ ಗಂಡಸಿಗೆ ಈ 1.1 ಅಂದರೆ ಈಜಿಎಫ್‌ಆರ್ ಸುಮಾರು 93, ಚೆನ್ನಾಗಿದೆ. ಅದೇ 1.1 ನಮ್ಮಲ್ಲಿಗೆ ಬರುವ 70 ವರ್ಷದ ಅಜ್ಜಿಗಾದರೆ ಸುಮಾರು 54. ಈಜಿಎಫ್‌ಆರ್ 60ಕ್ಕಿಂತ ಕೆಳಗೆ ಮೂರು ತಿಂಗಳು ಹಾಗೇ ನಿಂತರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಅನ್ನುತ್ತಾರೆ. ರಿಪೋರ್ಟ್‌ನಲ್ಲಿ ಈಜಿಎಫ್‌ಆರ್ ಬರೆದಿಲ್ಲದಿದ್ದರೆ ಲ್ಯಾಬ್‌ನವರನ್ನು ಕೇಳಿ. ವಯಸ್ಸು ಮತ್ತು ಗಂಡೋ ಹೆಣ್ಣೋ ಅಂತ ಹಾಕಿದರೆ ಒಂದು ನಿಮಿಷದ ಲೆಕ್ಕ.

ಟೆಸ್ಟಿಗೆ ಬರುವ ಹಿಂದಿನ ರಾತ್ರಿ ಮಾಂಸ ತಿನ್ನಬೇಡಿ. ಇದನ್ನು ನಾನು ಕೌಂಟರಿನಲ್ಲಿ ಎಲ್ಲರಿಗೂ ಹೇಳುತ್ತೇನೆ. ಬೇಯಿಸಿದ ಮಾಂಸದಲ್ಲೇ ಕ್ರಿಯಾಟಿನಿನ್ ಇರುತ್ತದೆ, ಅದು ಕೆಲವು ಗಂಟೆ ರಕ್ತದ ಸಂಖ್ಯೆಯನ್ನು ಏರಿಸುತ್ತದೆ. ಮದುವೆಮನೆಯಲ್ಲಿ ಪಂದಿ ಕರಿ, ಕೋಳಿ ಎಲ್ಲ ಹೊಡೆದು ಮರುದಿನ ಬೆಳಿಗ್ಗೆ ರಕ್ತ ಕೊಟ್ಟರೆ ಸುಮ್ನೆ ಗಾಬರಿ. 12 ಗಂಟೆ ಬಿಡುವು ಇರಲಿ.

ಮೂತ್ರ ಬೆಳಿಗ್ಗೆ ಎದ್ದ ಕೂಡಲೇ ಬರುವುದು ಒಳ್ಳೆಯದು. ನಮ್ಮಲ್ಲಿ ಮೊದಲು ಪಟ್ಟಿ ಅದ್ದಿ ನೋಡುತ್ತೇವೆ. ಹಳದಿ ಚೌಕ ಒಂದು ನಿಮಿಷದಲ್ಲಿ ಹಸಿರಿಗೆ ತಿರುಗಿದರೆ ಪ್ರೊಟೀನ್ ಸೋರುತ್ತಿದೆ ಅಂತ. ಎಷ್ಟೋ ಸಲ ಚೌಕ ಹಳದಿಯಾಗಿಯೇ ಇರುತ್ತದೆ. ಅದೇ ಮೂತ್ರವನ್ನು ಎಸಿಆರ್‌ಗೆ ಹಾಕಿದರೆ 80, 100 ಬರುತ್ತದೆ. ಪಟ್ಟಿಗೆ ಸಿಗದಷ್ಟು ಸಣ್ಣ ಸೋರಿಕೆ ಅದು. ಎಸಿಆರ್ 30ಕ್ಕಿಂತ ಕಡಿಮೆ ಇದ್ದರೆ ಸರಿ. 30ರಿಂದ 300 ಅಂದರೆ ಎಚ್ಚರ. 300 ದಾಟಿದರೆ ಕಿಡ್ನಿ ಡಾಕ್ಟರನ್ನೇ ನೋಡಬೇಕು. ಜ್ವರ, ಮೂತ್ರದ ಸೋಂಕು ಇದ್ದಾಗ ಈ ಟೆಸ್ಟ್ ಬೇಡ, ತಪ್ಪು ಸಂಖ್ಯೆ ಬರುತ್ತದೆ. ಹಣ ಉಳಿಸಲು ಒಂದೇ ಟೆಸ್ಟ್ ಮಾಡಿಸುವುದಾದರೆ ಯಾವುದು ಅಂತ ಕೇಳಿದವರಿಗೆ ನಾನು ಎಸಿಆರ್ ಅನ್ನುತ್ತೇನೆ. ಈಜಿಎಫ್‌ಆರ್ ಇಳಿಯುವುದಕ್ಕೆ ವರ್ಷಗಳ ಮೊದಲೇ ಇದು ಸುಳಿವು ಕೊಡುತ್ತದೆ.

ಯಾರು ಊಟ ಕಡಿಮೆ ಮಾಡಲೇಬಾರದು

ಹಿಂದಿನ ವರ್ಷದ ಬಟ್ಟೆ ಈಗ ಸಡಿಲವಾಗುತ್ತಿದೆಯಾ? ತೂಕ ಇಳಿಸಲು ಏನೂ ಮಾಡದೆ ತೂಕ ಇಳಿದಿದೆಯಾ? ಹಾಗಿದ್ದರೆ ನಿಮಗೆ ಇದು ಬೇಡ. ಡಾಕ್ಟರಿಗೆ ತೋರಿಸಿ, ಬೇರೆ ಕಾರಣ ಇರಬಹುದು. ಎಪ್ಪತ್ತು ದಾಟಿದ, ಮೊದಲೇ ಸಣ್ಣಗಿರುವವರಿಗೆ ಬೇಡ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಬೇಡ. ಈಜಿಎಫ್‌ಆರ್ 30ಕ್ಕಿಂತ ಕೆಳಗಿರುವವರು ಡಯಟೀಷಿಯನ್ ಹೇಳಿದ ಹಾಗೇ ನಡೆಯಬೇಕು. ತೋಟದಲ್ಲಿ ದಿನವಿಡೀ ಮೈಮುರಿದು ದುಡಿಯುವವರಿಗೂ ಬೇಡ, ಅವರಿಗೆ ತಿಂದದ್ದೇ ಸಾಲದು.

ಶುಗರ್‌ಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಊಟ ಕಡಿಮೆ ಮಾಡಿದರೆ ಶುಗರ್ ಧಡಕ್ಕನೆ ಇಳಿದು ಬೀಳುತ್ತಾರೆ. ಡಪಾಗ್ಲಿಫ್ಲೋಜಿನ್ ತರಹದ ಮಾತ್ರೆ ಕಿಡ್ನಿಗೆ ಒಳ್ಳೆಯದೇ. ಆದರೆ ಅದನ್ನು ತಿನ್ನುತ್ತಾ ಪೂರ್ತಿ ಉಪವಾಸ ಮಾಡುವುದು ಅಪಾಯ, ರಕ್ತದಲ್ಲಿ ಆಮ್ಲ ಏರಬಹುದು. ಮೊದಲು ಮಾತ್ರೆಯ ಪ್ರಮಾಣ ಮಾತಾಡಿಕೊಳ್ಳಿ, ಆಮೇಲೆ ತಟ್ಟೆ.

ಅತ್ತೆಯ ಕಥೆ ಇಲ್ಲಿಯೇ ಹೇಳಿಬಿಡುತ್ತೇನೆ. ಅವರ ತೂಕ 41 ಕಿಲೋ. "ನಾನೂ ನಿನ್ನ ಮಾವನ ಹಾಗೆ ಕಡಿಮೆ ಮಾಡುತ್ತೇನೆ, ರಾತ್ರಿ ಒಂದೇ ಒಟ್ಟಿ (ಅಕ್ಕಿ ರೊಟ್ಟಿ) ತಿನ್ನುತ್ತೇನೆ" ಅಂದರು. ಬೇಡವೇ ಬೇಡ ಅಂದೆ. ಅವರ ತಟ್ಟೆಗೆ ಬೆಳಿಗ್ಗೆ ಒಂದು ಮೊಟ್ಟೆ, ಮಧ್ಯಾಹ್ನ ಹೆಸರುಕಾಳಿನ ಪಲ್ಯ ಸೇರಿತು. ವಯಸ್ಸಾದವರಿಗೆ ಸ್ನಾಯು ಕರಗಿದರೆ ಬೀಳುತ್ತಾರೆ, ಸೊಂಟ ಮುರಿಯುತ್ತದೆ. ಮಲಗಿದಲ್ಲೇ ಇನ್ನೆಲ್ಲ ಕಾಯಿಲೆ ಶುರು.

ಇನ್ನೊಂದು ವಿಷಯವನ್ನು ಲ್ಯಾಬ್‌ನವಳಾಗಿ ಹೇಳಲೇಬೇಕು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಊಟ ಬಿಟ್ಟು ಸ್ನಾಯು ಕರಗಿಸಿಕೊಂಡರೆ ಕ್ರಿಯಾಟಿನಿನ್ ತಾನಾಗಿ ಇಳಿಯುತ್ತದೆ. 1.3 ಇದ್ದದ್ದು 1.1 ಆಗುತ್ತದೆ. ಕಿಡ್ನಿ ಸುಧಾರಿಸಿತು ಅಂತ ಮನೆಯವರೆಲ್ಲ ಖುಷಿಪಡುತ್ತಾರೆ. ಕಿಡ್ನಿ ಇದ್ದಲ್ಲೇ ಇರಬಹುದು, ಕಡಿಮೆಯಾದದ್ದು ತೊಡೆಯ ಮಾಂಸ. ಉಪವಾಸದ ವಿಡಿಯೋಗಳಲ್ಲಿ ತೋರಿಸುವ ಎಷ್ಟೋ ರಿಪೋರ್ಟ್‌ಗಳನ್ನು ನೋಡುವಾಗ ನನಗೆ ಇದೇ ಅನುಮಾನ. ಅನುಮಾನ ಬಂದರೆ ಸಿಸ್ಟಾಟಿನ್-ಸಿ ಅನ್ನುವ ಟೆಸ್ಟ್ ಇದೆ. ಸ್ನಾಯು ಹೆಚ್ಚುಕಡಿಮೆಯಾದರೂ ಅದು ಅಷ್ಟಾಗಿ ದಾರಿ ತಪ್ಪಿಸುವುದಿಲ್ಲ. ಬೆಲೆ ಜಾಸ್ತಿ, ಸ್ಯಾಂಪಲ್ ಹೊರಗೆ ಕಳಿಸಬೇಕಾಗಬಹುದು.

ಅಡುಗೆಮನೆಯ ಲೆಕ್ಕ

ಒಂದು ವಾರ ಏನೂ ಬದಲಿಸಬೇಡಿ, ಬರೀ ಅಳೆಯಿರಿ. ಅಕ್ಕಿ, ತರಿ, ಹಿಟ್ಟು ಎಲ್ಲವನ್ನೂ ಬೇಯಿಸುವ ಮೊದಲೇ ತೂಗಿ. ಬೆಂದ ಮೇಲೆ ನೀರು ಸೇರಿ ಲೆಕ್ಕ ಕೆಡುತ್ತದೆ. ಎಣ್ಣೆ ಡಬ್ಬಿಗೆ ಸೋಮವಾರ ಪೆನ್ನಿನಲ್ಲಿ ಗೆರೆ ಎಳೆಯಿರಿ, ಮುಂದಿನ ಸೋಮವಾರ ಎಷ್ಟು ಇಳಿದಿದೆ ನೋಡಿ. ಸಕ್ಕರೆ ಡಬ್ಬಿಗೂ ಹಾಗೇ. ಮನೆಮಂದಿಯ ತಲೆಗೆ ಭಾಗಿಸಿ.

ಲೆಕ್ಕಕ್ಕೆ ಇಷ್ಟು ಗೊತ್ತಿದ್ದರೆ ಸಾಕು. 100 ಗ್ರಾಂ ಹಸಿ ಅಕ್ಕಿ ಅಂದರೆ ಸುಮಾರು 350 ಕ್ಯಾಲೊರಿ. ಅದು ಅನ್ನವಾಗಲಿ, ಕಡಂಬುಟ್ಟು (ಅಕ್ಕಿ ಕಡುಬು) ಆಗಲಿ, ನೂಪುಟ್ಟು (ಅಕ್ಕಿ ಶಾವಿಗೆ) ಆಗಲಿ ಅಕ್ಕಿ ಅಕ್ಕಿಯೇ. ಒಂದು ದೊಡ್ಡ ಚಮಚ ಎಣ್ಣೆ ಸುಮಾರು 120. ಒಂದು ಟೀ ಚಮಚ ಸಕ್ಕರೆ 20. ವಿಸ್ಕಿ, ಬ್ರಾಂದಿ 30 ಮಿ.ಲೀ.ಗೆ ಸುಮಾರು 70.

ಕೂತು ಕೆಲಸ ಮಾಡುವ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ ಸುಮಾರು 2,110 ಕ್ಯಾಲೊರಿ, 55 ಕಿಲೋ ಹೆಂಗಸಿಗೆ ಸುಮಾರು 1,660 ಸಾಕು ಅಂತ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದೆ. ಅರವತ್ತು ದಾಟಿದ ಮೇಲೆ ಇನ್ನೂ ಸ್ವಲ್ಪ ಕಡಿಮೆ. ಇಲಿಗಳ 40% ನಮಗೆ ಬೇಡ. ತೂಕ ಜಾಸ್ತಿ ಇರುವವರು ಈಗ ತಿನ್ನುವುದರಲ್ಲಿ 10ರಿಂದ 15% ಬಿಟ್ಟರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅಂದರೆ ದಿನಕ್ಕೆ 200ರಿಂದ 300 ಕ್ಯಾಲೊರಿ. ಅಷ್ಟನ್ನು ವರ್ಷಗಟ್ಟಲೆ ಉಳಿಸಿಕೊಂಡು ಹೋಗಲು ಆಗುತ್ತದೆ.

ಮಾವನ ಲೆಕ್ಕ ಬರೆದಾಗ ಅವರೇ ಬೆಕ್ಕಸ ಬೆರಗಾದರು. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ. ಅಲ್ಲಿಗೇ 160. ಸಂಜೆ ವಿಸ್ಕಿ ಎರಡು ಲಾರ್ಜ್ (ಒಂದು ಲಾರ್ಜ್ ಅಂದರೆ 60 ಮಿ.ಲೀ.), ಅದು 280. ಕಾಫಿಗೆ ಅರ್ಧ ಚಮಚಕ್ಕೆ ಇಳಿದರು, ಉಳಿತಾಯ 120. ಲಾರ್ಜ್ ಒಂದಕ್ಕೆ ಇಳಿದರು, ಉಳಿತಾಯ 140. ಅನ್ನದ ತಟ್ಟೆಗೆ ಕೈಹಾಕದೆ 260 ಉಳಿಯಿತು. ಕುಡಿತ ಕಡಿಮೆಯಾದಷ್ಟೂ ಬಿಪಿಗೆ ಒಳ್ಳೆಯದು. ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದು ಅಂತ ಅವರಿಗೆ ಈಗಲೂ ಹೇಳುತ್ತೇನೆ. ದಿನಾ ಜಾಸ್ತಿ ಕುಡಿಯುವವರು ಮಾತ್ರ ಒಮ್ಮೆಗೇ ಬಿಡಬಾರದು, ಡಾಕ್ಟರ ಸಹಾಯ ಬೇಕು.

ಆಮೇಲೆ ಎಣ್ಣೆ, ಕೊಬ್ಬು. ಪಂದಿ ಕರಿಯನ್ನು ಹಿಂದಿನ ದಿನವೇ ಮಾಡಿಡಿ. ಕಾಚಂಪುಳಿ (ಉಪ್ಪಾಗೆ ಹಣ್ಣಿನ ಹುಳಿ) ಹಾಕಿದ ಕರಿ ಮರುದಿನಕ್ಕೆ ರುಚಿ ಜಾಸ್ತಿಯೇ. ನಮ್ಮೂರ ಚಳಿಗೆ ಬೆಳಿಗ್ಗೆ ನೋಡಿದರೆ ಪಾತ್ರೆಯ ಮೇಲೆ ಬಿಳಿಯ ಗಟ್ಟಿ ಪದರ ಕಟ್ಟಿರುತ್ತದೆ. ಅದನ್ನು ಸೌಟಿನಿಂದ ತೆಗೆದು ಆಮೇಲೆ ಬಿಸಿ ಮಾಡಿ. ಒಂದು ದೊಡ್ಡ ಚಮಚ ತೆಗೆದರೆ ನೂರಕ್ಕೂ ಹೆಚ್ಚು ಕ್ಯಾಲೊರಿ ಹೋಯಿತು. ನಾನು ಎರಡು ಕಿಲೋ ಕರಿಯಿಂದ ಒಂದು ಬಟ್ಟಲು ತುಂಬಾ ತೆಗೆಯುತ್ತೇನೆ. ಕಡಂಬುಟ್ಟು ಹಬೆಯಲ್ಲಿ ಬೇಯುವುದರಿಂದ ಅದರಲ್ಲಿ ತಪ್ಪೇನಿಲ್ಲ. ಅದರ ಮೇಲೆ ಸುರಿಯುವ ತುಪ್ಪಕ್ಕೆ ಲೆಕ್ಕ ಇರಲಿ. ಪಾಪುಟ್ಟಿಗೆ ತೆಂಗಿನಕಾಯಿ, ಹಾಲು ಎರಡೂ ಬೀಳುತ್ತವೆ, ಒಂದು ತುಂಡಿಗೆ ನಿಲ್ಲಿಸಿ.

ಪ್ರೊಟೀನ್ ಮಾತ್ರ ಕಡಿಮೆ ಮಾಡಬೇಡಿ. ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 0.8 ಗ್ರಾಂ ದಿನಕ್ಕೆ ಬೇಕೇಬೇಕು. 60 ಕಿಲೋ ಇದ್ದರೆ 48 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಮೀನಿನಲ್ಲಿ 18ರಿಂದ 20, 100 ಗ್ರಾಂ ಬೇಳೆಯಲ್ಲಿ 22ರ ಆಸುಪಾಸು. ಕಿಡ್ನಿ ಸ್ವಲ್ಪ ಕುಗ್ಗಿದವರು ಇದಕ್ಕಿಂತ ತುಂಬಾ ಮೇಲೆ ಹೋಗುವುದೂ ಬೇಡ. ಜಿಮ್ಮಿನ ಪ್ರೊಟೀನ್ ಪುಡಿ ಡಬ್ಬಿ ಅಜ್ಜಂದಿರಿಗೆ ತಂದುಕೊಡಬೇಡಿ.

ಕಕ್ಕಡದ ತಿಂಗಳು (ಜುಲೈ-ಆಗಸ್ಟ್) ನಮ್ಮಲ್ಲಿ ಕಷ್ಟದ ಸಮಯ. ಹೊರಗೆ ಬಿಡದ ಮಳೆ, ಒಳಗೆ ಒಲೆ ಮುಂದೆ ಕೂತು ಕರಿದದ್ದು, ಹುರಿದದ್ದು. ನಡಿಗೆಯೂ ನಿಂತಿರುತ್ತದೆ. ಆಗ ಜಗಲಿಯಲ್ಲಿ ಕುರ್ಚಿ ಇಟ್ಟು, ಕೈ ಊರದೆ ಎದ್ದು ಕೂರುವುದನ್ನು ಹತ್ತು ಸಲ, ದಿನಕ್ಕೆ ಎರಡು ಮೂರು ಬಾರಿ ಮಾಡಿ. ತೊಡೆಯ ಬಲ ಉಳಿಯುತ್ತದೆ. ಕಕ್ಕಡ 18ರ ಮದ್ದು ಸೊಪ್ಪಿನ ಪಾಯಸ ತಿನ್ನಬೇಡಿ ಅಂತ ನಾನು ಹೇಳುವುದಿಲ್ಲ. ವರ್ಷಕ್ಕೊಮ್ಮೆ ಬರುವ ಪಾಯಸ, ಪುತ್ತರಿ ಹಬ್ಬದ ಊಟ, ಕೈಲ್‌ಪೊಳ್ದ್ ಹಬ್ಬದ ಕಡಂಬುಟ್ಟು ಯಾರ ಕಿಡ್ನಿಯನ್ನೂ ಕೆಡಿಸಿಲ್ಲ. ದಿನದ ಎಂಟು ಚಮಚ ಸಕ್ಕರೆಯ ಕಡೆ ನೋಡಿ.

ತಟ್ಟೆ ಸರಿ ಮಾಡಿದರೂ ಇವು ಕೆಡಿಸುತ್ತವೆ

ಉಪ್ಪು ಮೊದಲನೆಯದು. ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚ. ಒಣಮೀನು, ಉಪ್ಪಿನಕಾಯಿ, ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿ, ಹಪ್ಪಳ ಇವು ಸಾರಿನ ಉಪ್ಪಿಗೆ ಮೇಲೆ ಸೇರುತ್ತವೆ. ಒಣಮೀನು ಬೇಕೇ ಬೇಕು ಅನ್ನಿಸಿದ ದಿನ ಉಪ್ಪಿನಕಾಯಿ ಬಿಡಿ.

ನೋವಿನ ಮಾತ್ರೆ ಎರಡನೆಯದು. ಕಾಫಿ ಕುಯ್ಲಿನ ಸಮಯದಲ್ಲಿ ಸೊಂಟ, ಮಂಡಿ ನೋವಿಗೆ ಡೈಕ್ಲೋಫೆನಾಕ್ ನುಂಗುವವರು ನಮ್ಮಲ್ಲಿ ತುಂಬಾ ಜನ. ಬಿಪಿಗೆ ಲೋಸಾರ್ಟಾನ್ ಅಥವಾ ಟೆಲ್ಮಿಸಾರ್ಟಾನ್, ಅದರ ಜೊತೆ ಮೂತ್ರ ಹೋಗುವ ಮಾತ್ರೆ, ಅದರ ಮೇಲೆ ಈ ನೋವಿನ ಮಾತ್ರೆ, ಮೂರೂ ಸೇರಿದರೆ ಕಿಡ್ನಿಗೆ ಒಮ್ಮೆಗೇ ಪೆಟ್ಟು ಬೀಳಬಹುದು. ಬಿಡಬೇಕಾದದ್ದು ನೋವಿನ ಮಾತ್ರೆ. ಬಿಪಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಕಲೆ ಬೀಳುವ ವೇಗ ತಗ್ಗಿಸುವ ಮಾತ್ರೆ ಅದೇ. ವಾಂತಿ ಭೇದಿ ಆದ ದಿನ ಏನು ಮಾಡಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಮೂರನೆಯದು ತೂಕ ಇಳಿಸುವ ಸೊಪ್ಪು, ಪುಡಿ, ಕಷಾಯ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಕ್ಲಿನಿಕ್‌ಗೆ ಹೋದ ಹೆಂಗಸರಿಗೆ ಗಿಡಮೂಲಿಕೆಯ ಮಾತ್ರೆ ಕೊಟ್ಟರು. ಹಲವರ ಕಿಡ್ನಿ ಬೇಗ ಬೇಗ ಕಲೆಗಟ್ಟಿ ಹೋಯಿತು, ಡಯಾಲಿಸಿಸ್‌ಗೆ ಬಂದರು. ಕಾರಣ ಅರಿಸ್ಟೊಲೋಕಿಯಾ ಜಾತಿಯ ಗಿಡದ ವಿಷ. ನಮ್ಮ ಈಶ್ವರಿ ಬಳ್ಳಿ ಅದೇ ಜಾತಿಯದು. ಹಾವಿನ ವಿಷಕ್ಕೆ, ಹೊಟ್ಟೆನೋವಿಗೆ ಅಂತ ಅದರ ಬೇರು ಅರೆದು ಕುಡಿಸುವ ಪದ್ಧತಿ ಇದೆ. ದಯವಿಟ್ಟು ಬೇಡ. ಬಿಂಬುಳಿ ಅನ್ನುವ ಹುಳಿ ಕಾಯಿಯ ರಸವನ್ನು ಕೊಲೆಸ್ಟ್ರಾಲ್ ಇಳಿಸಲು ಲೋಟಗಟ್ಟಲೆ ಕುಡಿದು ಕಿಡ್ನಿ ನಿಂತುಹೋದವರ ವಿಷಯ ಪಕ್ಕದ ಕೇರಳದಿಂದಲೇ ವೈದ್ಯರ ಪತ್ರಿಕೆಯಲ್ಲಿ ವರದಿಯಾಗಿದೆ. ಮೀನುಸಾರಿಗೆ ಎರಡು ಬಿಂಬುಳಿ ಹಾಕಿದರೆ ಏನೂ ಆಗುವುದಿಲ್ಲ, ರಸ ಹಿಂಡಿ ಕುಡಿಯಬೇಡಿ. ಕಾಚಂಪುಳಿಯೂ ಅಷ್ಟೇ, ಕರಿಗೆ ಹಾಕುವಷ್ಟು ಸರಿ. ಅದೇ ಹಣ್ಣಿನ ಸಿಪ್ಪೆಯ ಸಾರದಿಂದ ಮಾಡಿದ ತೂಕ ಇಳಿಸುವ ಮಾತ್ರೆಗಳಿಂದ ಲಿವರ್ ಕೆಟ್ಟ ವರದಿಗಳಿವೆ.

ನೀರಿನ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಮೂತ್ರ ತಿಳಿ ಹಳದಿ ಇದ್ದರೆ ಸಾಕು. ದಿನಕ್ಕೆ ಐದು ಲೀಟರ್ ಕುಡಿದರೆ ಕಿಡ್ನಿ ತೊಳೆದುಹೋಗುತ್ತದೆ ಅನ್ನುವುದು ಸುಳ್ಳು.

ಮೂರು ತಿಂಗಳಾದ ಮೇಲೆ

ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ ತೂಕ ನೋಡಿ ಬರೆದಿಡಿ. ವಾರಕ್ಕೆ ಅರ್ಧ ಕಿಲೋಗಿಂತ ಜಾಸ್ತಿ ಇಳಿಯುತ್ತಿದ್ದರೆ ಊಟ ತೀರಾ ಕಡಿಮೆಯಾಗಿದೆ, ಸ್ವಲ್ಪ ವಾಪಸ್ ಸೇರಿಸಿ. ತೂಕದ ಜೊತೆ ಕುರ್ಚಿಯಿಂದ ಏಳುವುದನ್ನೂ ಗಮನಿಸಿ. ತೂಕ ಇಳಿದು, ಏಳಲು ಮೊದಲಿಗಿಂತ ಕಷ್ಟವಾಗುತ್ತಿದ್ದರೆ ಕರಗುತ್ತಿರುವುದು ಸ್ನಾಯು. ಆಗ ಕಡಿಮೆ ಮಾಡುವುದನ್ನು ನಿಲ್ಲಿಸಿ, ಪ್ರೊಟೀನ್ ನೋಡಿ, ಡಾಕ್ಟರ ಹತ್ತಿರ ಹೋಗಿ.

ಮೂರು ತಿಂಗಳಿಗೆ ಅದೇ ಲ್ಯಾಬ್‌ನಲ್ಲಿ ಅದೇ ಟೆಸ್ಟ್ ಮಾಡಿಸಿ. ಒಂದು ಲ್ಯಾಬಿಗೂ ಇನ್ನೊಂದಕ್ಕೂ ಸಂಖ್ಯೆ ಸ್ವಲ್ಪ ಹೆಚ್ಚುಕಡಿಮೆ ಬರುತ್ತದೆ. ಬಿಪಿ ಇಳಿದು, ಎಸಿಆರ್ ಇಳಿದು, ಈಜಿಎಫ್‌ಆರ್ ಇದ್ದಲ್ಲೇ ಇದ್ದರೆ ತುಂಬಾ ಒಳ್ಳೆಯ ಫಲ. ಈಜಿಎಫ್‌ಆರ್ ಏರಲಿಲ್ಲ ಅಂತ ಬೇಸರ ಮಾಡಿಕೊಳ್ಳುವವರಿಗೆ ನಾನು ಹೇಳುವುದು, ಇದು ಏರಬೇಕಾದ ಸಂಖ್ಯೆ ಅಲ್ಲ, ನಿಲ್ಲಬೇಕಾದ ಸಂಖ್ಯೆ. ಎರಡು ಮೂರು ಅಂಕ ಆಚೀಚೆ ಆದರೆ ಗಾಬರಿ ಬೇಡ. ಐದಕ್ಕಿಂತ ಜಾಸ್ತಿ ಇಳಿದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ, ಆಮೇಲೆ ಡಾಕ್ಟರನ್ನು ನೋಡಿ. ಮೂತ್ರ ತೀರಾ ಕಡಿಮೆಯಾದರೆ, ಕಾಲು ಮುಖ ಊದಿದರೆ ಎರಡು ವಾರ ಕಾಯುವುದು ಬೇಡ, ಅವತ್ತೇ ಹೋಗಿ.

ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿಡಿ. ಮೊದಲ ಹಾಳೆಯಲ್ಲಿ ಈಗ ತಿನ್ನುತ್ತಿರುವ ಮಾತ್ರೆಗಳ ಹೆಸರು ಬರೆಯಿರಿ, ಅಂಗಡಿಯಿಂದ ನೀವೇ ತಂದ ನೋವಿನ ಮಾತ್ರೆ, ಯಾರೋ ಕೊಟ್ಟ ಪುಡಿ ಕಷಾಯವನ್ನೂ ಬಿಡದೆ. ಮಡಿಕೇರಿಗೋ ಮೈಸೂರಿಗೋ ಹೋಗುವಾಗ ಆ ಫೈಲ್ ಕೈಯಲ್ಲಿರಲಿ. ಹಿಂದಿನ ಮೂರು ಸಂಖ್ಯೆ ಮುಂದಿದ್ದರೆ ಡಾಕ್ಟರಿಗೆ ಕಿಡ್ನಿ ಯಾವ ವೇಗದಲ್ಲಿ ಇಳಿಯುತ್ತಿದೆ ಅನ್ನುವುದು ಕೂಡಲೇ ತಿಳಿಯುತ್ತದೆ, ಮತ್ತೆ ಎಲ್ಲ ಟೆಸ್ಟ್ ಮೊದಲಿನಿಂದ ಮಾಡಿಸುವ ಖರ್ಚೂ ಉಳಿಯುತ್ತದೆ.